ಪ್ರಧಾನಿಗಳಿಗೆ ಹೇಳಬೇಕಾದ ಉತ್ತರ

“ಗೆದ್ದ ಹೊಸದರಲ್ಲಿ ಎಲ್ಲರೂ ಗಡಿಗೆ ಬಂದು ನಮ್ಮ ಜೊತೆ ಫೋಟೋ ತೆಗೆಸ್ಕೊಳ್ಳೋರೇ ಬಿಡು. ಇವರೇನು ಬೇರೆಯಾ?” ಎಂದ ಅಡುಗೆಯ ಈರಪ್ಪ.

“ಬೇರೆ ಆಗೋದೇನೂ ಬೇಡ ಮಾರಾಯ, ಬೇಗ ಹೊರಟರೆ ಸಾಕು,” ಎಂದು ಹವಾಲ್ದಾರ ಸಿದ್ಲಿಂಗ ಬೂಟು ಉಜ್ಜಿದ.

ಹೊಸ ಪ್ರಧಾನಿ ಕ್ಯಾಂಪಿನಲ್ಲಿ ಇರುವತನಕ ಒಂದು ಗಾಡಿಯೂ ಹೊರಡುವಂತಿರಲಿಲ್ಲ. ಅವರು ಹೋದಮೇಲೇ ರಜೆಯವರನ್ನು ರೈಲಿಗೆ ಬಿಡುವ ಟ್ರಕ್ಕು. ಊರಿನಲ್ಲಿ, ಸಿದ್ಲಿಂಗ ಇನ್ನೂ ಮುಖ ನೋಡದ ಮಗಳನ್ನು ಭಾನುವಾರ ತೊಟ್ಟಿಲಿಗೆ ಹಾಕುವವರಿದ್ದರು.

ಪ್ರಧಾನಿ ಬಂದರು. ನೆಲದ ಮೇಲೇ ಕೂತು ಉಂಡರು, ಎರಡನೇ ಸಲ ಕೇಳಿ ಸಾರು ಹಾಕಿಸಿಕೊಂಡರು. ಪರವಾಗಿಲ್ಲ, ಒಳ್ಳೇ ಮನುಷ್ಯ ಅನ್ನಿಸಿತು ಸಿದ್ಲಿಂಗನಿಗೆ. ಅಷ್ಟರಲ್ಲಿ ಅವರು ಅವನ ಹೆಗಲ ಮೇಲೇ ಕೈಯಿಟ್ಟರು.

“ಮನೆ ನೆನಪಾಗೋದಿಲ್ವೇನಪ್ಪಾ?”

ಸುಬೇದಾರರು ವಾರವಿಡೀ ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸಿದ್ದ ಉತ್ತರ ತಾನಾಗಿಯೇ ಹೊರಬಿತ್ತು.

“ಇಲ್ಲ ಸಾರ್! ತಾವು ಬಂದಮೇಲೆ ಇದೇ ನಮ್ಮ ಮನೆ ಸಾರ್!”

ಪ್ರಧಾನಿಯವರ ಕಣ್ಣು ತುಂಬಿಬಂತು. ಪಕ್ಕದ ಅಧಿಕಾರಿಯ ಕಡೆ ತಿರುಗಿದರು.

“ದಿಲ್ಲಿಗೆ ಹೇಳಿಬಿಡಿ. ಸೋಮವಾರದವರೆಗೆ ನಾನೂ ಈ ಮನೇಲೇ ಇರ್ತೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ಲಿಂಗನೂ ತಟ್ಟಿದ. ಟ್ರಕ್ಕಿನ ಡ್ರೈವರು ಕೆಳಗಿಳಿದು, ಕೈ ತೊಳೆದುಕೊಂಡು, ಊಟಕ್ಕೆ ಬಂದು ಕೂತ.