ಎಣ್ಣೆ ಬಿಡಿ

ಡಾಕ್ಟರ್ ರಾಫೆಲ್ ಪೆನ್ಸಿಲಿನ ತುದಿಯಿಂದ ಕುಶಲಾಳ ಕೂದಲು ಸರಿಸಿ ನೋಡಿದರು. ಎಣ್ಣೆಗೆ ಪೆನ್ಸಿಲು ಕೈಯಿಂದ ಜಾರಿ ಮೇಜಿನ ಕೆಳಗೆ ಹೋಯಿತು. ಎರಡು ವಾರದ ಹಿಂದೆ ನೆತ್ತಿಯಲ್ಲಿ ಮಾತ್ರ ಇದ್ದ ಹಕ್ಕಳೆ ಈಗ ಕಿವಿಯ ಹಿಂದಕ್ಕೂ ಇಳಿದಿತ್ತು. ಸುತ್ತಲಿನ ಚರ್ಮ ಕೆಂಪಾಗಿತ್ತು.

“ನಾನು ಹೇಳಿದ್ದು ಎಂತ, ನೀವು ಮಾಡಿದ್ದು ಎಂತ?”

ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇವೆ ಎಂದು ಕುಶಲಾಳ ತಾಯಿ ಬಾಗಿಯಮ್ಮ ಹೆಮ್ಮೆಯಿಂದ ವರದಿ ಒಪ್ಪಿಸಿದರು. ಬೆಳಿಗ್ಗೆ ಲೋಟ ತುಂಬುವಷ್ಟು, ಒಂದು ಕುಡ್ತೆ ತೆಂಗಿನೆಣ್ಣೆ, ಸಂಜೆ ಒಂದು ಕುಡ್ತೆ. ನೆರೆಮನೆಯ ಖತೀಜಮ್ಮ ಕರಿಜೀರಿಗೆ ಹಾಕಿ ಕಾಯಿಸಲು ಹೇಳಿದ್ದರು. ಅದನ್ನೂ ಹಾಕಿ ಆಗಿತ್ತು.

ಕುಶಲಾ ಬೋಳಾರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಅವಳ ಹೆಗಲ ಮೇಲೆ ಹೊಟ್ಟು ಕಂಡ ದಿನವೇ ಹೆಡ್‌ಮಿಸ್ಟ್ರೆಸ್ ಆಗ್ನೆಸ್, ಮಕ್ಕಳಿಗೆ ಹರಡೀತೆಂದು ರಜೆ ಕೊಟ್ಟು ಕಳಿಸಿದ್ದರು. ಸೋಮವಾರ ಹೊಸ ಮೈಸೂರು ರಾಜ್ಯದ ಇನ್ಸ್‌ಪೆಕ್ಟರು ಶಾಲೆಗೆ ಬರುವವರಿದ್ದರು. ಅಷ್ಟರೊಳಗೆ ರೋಗವಿಲ್ಲವೆಂಬ ಕಾಗದ ತಾರದಿದ್ದರೆ ಕುಶಲಾಳ ಕೆಲಸ ಅವಳ ಬದಲಿಗೆ ಪಾಠ ಮಾಡುತ್ತಿದ್ದ ಹೆಲನ್‌ಗೆ. ಈ ದಿನ ಶನಿವಾರ.

ಕುಶಲಾ ಚೀಲದಿಂದ ಡಾಕ್ಟರರದೇ ಚೀಟಿ ತೆಗೆದು, ತರಗತಿಯಲ್ಲಿ ಪಾಠ ಓದುವಂತೆ ಓದಿದಳು: “ಎಣ್ಣೆ ಬಿಡಿ. ಮದ್ದಿನ ಸಾಬೂನಿನಲ್ಲಿ ತೊಳೆಯಿರಿ. ಉಗುರು ತಾಗಿಸಬೇಡಿ.”

ಡಾಕ್ಟರರು ಹಣೆ ಒತ್ತಿಕೊಂಡರು. “ಬಿಡಿ ಅಂದರೆ ನಿಲ್ಲಿಸಿ ಮಾರಾಯ್ತಿ. ದೋಸೆ ಕಾವಲಿಗೆ ಎಣ್ಣೆ ಬಿಡುವ ‘ಬಿಡಿ’ ಅಲ್ಲ. ನೀವು ಕನ್ನಡ ಟೀಚರಲ್ವಾ?”

“ಎಷ್ಟು ಅಂತ ಬರೆದಿರಲಿಲ್ಲ, ಡಾಕ್ಟ್ರೇ,” ಎಂದರು ಬಾಗಿಯಮ್ಮ. “ಕಡಿಮೆ ಆಗುವುದು ಬೇಡ ಅಂತ ನಾನೇ ಎರಡು ಕುಡ್ತೆ ಮಾಡಿದೆ.”

ಕುಶಲಾ ಚೀಟಿಯನ್ನು ನಾಲ್ಕಾಗಿ ಮಡಚಿದಳು. ಮನೆಯಲ್ಲಿ ಅವಳದು ತುಳು, ಡಾಕ್ಟರರದು ಕೊಂಕಣಿ. ಇಬ್ಬರ ಕನ್ನಡದ ನಡುವೆ ಸಿಕ್ಕಿಬಿದ್ದದ್ದು ಅವಳ ತಲೆ.

ಡಾಕ್ಟರರು ಈ ಸಲ ಬಿಡಿಸಿ ಹೇಳಿದರು. ಇದು ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹೋಗುವುದೂ ಇಲ್ಲ. ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ತೊಳೆಯಬೇಕು, ಕೆರೆಯಬಾರದು, ಗಾಬರಿಯಾಗಬಾರದು. ಅಷ್ಟು ಹೇಳಿ ಹೆಡ್‌ಮಿಸ್ಟ್ರೆಸ್‌ಗೆ ಕಾಗದ ಬರೆದು, ಸಹಿ ಹಾಕಿ, ತಾವೇ ಗಟ್ಟಿಯಾಗಿ ಓದಿದರು: “ಇದು ಹರಡುವ ರೋಗವಲ್ಲ. ಭಯ ಬಿಡಿ. ಟೀಚರನ್ನು ಕ್ಲಾಸಿಗೆ ಬಿಡಿ.”

ಕುಶಲಾ ಕಾಗದಕ್ಕೆ ಕೈ ಚಾಚಲಿಲ್ಲ.

“ಎರಡು ‘ಬಿಡಿ’ಗೂ ಅಡಿಯಲ್ಲಿ ಅರ್ಥ ಬರೆಯಿರಿ, ಡಾಕ್ಟ್ರೇ. ಇಲ್ಲದಿದ್ದರೆ ಅವರು ಭಯವನ್ನು ಇಟ್ಟುಕೊಂಡು ನನ್ನನ್ನು ಬಿಡ್ತಾರೆ.”