ಹುಮನಾಬಾದಿನ ಹಳದಿ ಅಂಗಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹುಮನಾಬಾದ್ ಫುಟ್‌ಬಾಲ್ ಕ್ಲಬ್ಬಿನ ಬಿಳಿ ಜೀಪು ಎದುರಾಳಿ ತಂಡದ ಆಟಗಾರ ಆಸಿಫನ ಓಣಿಗೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಬಸವಕಲ್ಯಾಣದಲ್ಲಿ ಆಸಿಫ್ ದ್ರೋಹಿಯಾಗಿದ್ದ.

ಸುದ್ದಿ ತಂದವನು ಸೂರ್ಯಕಾಂತ. ಆಸಿಫನ ಮನೆಯ ಗೋಡೆಗೆ ಅಂಟಿಕೊಂಡೇ ಅವನ ಮನೆ. ಸಾಲದ್ದಕ್ಕೆ ಕಲ್ಯಾಣ ತಂಡದ ಅಭಿಮಾನಿಗಳ ಮುಖಂಡ. ಆರು ವರ್ಷದಿಂದ ಒಂದು ಪಂದ್ಯವೂ ತಪ್ಪಿಸದೆ, ಕೈಮೈಕು ಹಿಡಿದು ಗ್ಯಾಲರಿಯನ್ನೇ ಕುಣಿಸಿದವನು. ತನ್ನ ಗಂಟಲಿಲ್ಲದೆ ತಂಡ ಒಂದು ಗೋಲೂ ಹೊಡೆದಿಲ್ಲ ಎಂದು ಅವನು ನಂಬಿದ್ದ. ಉಳಿದವರೂ ಹೆಚ್ಚುಕಡಿಮೆ ನಂಬಿದ್ದರು.

"ಖರೇ ಹೇಳಾಕತ್ತೀನಿ," ಎಂದ, ಗೋವರ್ಧನನ ಚಹಾದಂಗಡಿಯಲ್ಲಿ. "ಅವರ ಸೆಕ್ರೆಟರಿನೇ ಬಂದಿದ್ದ. ಎರಡು ಕಪ್ ಚಹಾ ಕುಡದ. ಸಕ್ಕರಿ ಕಮ್ಮಿ ಹಾಕ್ರಿ ಅಂದ. 'ನಿಮ್ಮಂಥವರು ನಮಗ ಬೇಕ್ರಿ, ಇಲ್ಲಿ ನಿಮ್ಮ ಕದರ್ ಯಾರಿಗದ?' ಅಂದ."

ಸಕ್ಕರೆಯ ಸಂಗತಿವರೆಗೆ ಗೊತ್ತಿರುವಾಗ ಇನ್ನೇನು ಅನುಮಾನ? ಯಾರೂ ಪಡಲಿಲ್ಲ.

ಜಿಲ್ಲಾ ಲೀಗ್ ಮುಗಿದಿತ್ತು. ಮೇ ಮೂವತ್ತೊಂದರ ಸಂಜೆ ಐದಕ್ಕೆ ಆಟಗಾರರ ಹಳೆಯ ಒಪ್ಪಂದಗಳೂ ಮುಗಿಯುತ್ತಿದ್ದವು. ಹೊಸದಕ್ಕೆ ಸಹಿ ಹಾಕದವನು ಯಾವ ಊರಿಗಾದರೂ ಹೋಗಬಹುದು. ಐದಕ್ಕೆ ಎಲ್ಲ ಕ್ಲಬ್ಬುಗಳೂ ತಮ್ಮ ಪಟ್ಟಿ ಹೊರಗೆ ಹಾಕುತ್ತವೆ; ಅದಕ್ಕೂ ಮೊದಲು ಸಹಿಯ ಸುದ್ದಿಯನ್ನು ಆಟಗಾರನೂ ಹೊರಗೆ ಹೇಳುವಂತಿಲ್ಲ. ಅಲ್ಲಿಯವರೆಗೆ ಪಟ್ಟಿ ಮಾಡುವ ಕೆಲಸವನ್ನು ಗೋವರ್ಧನನ ಗಿರಾಕಿಗಳು ವಹಿಸಿಕೊಂಡಿದ್ದರು.

ಬಟ್ಟೆ ಅಂಗಡಿಯ ಅಶೋಕಕುಮಾರ ಹುಟ್ಟಿದಾಗಿನಿಂದ ಚೆಂಡಿಗೆ ಕಾಲು ತಾಗಿಸಿದವನಲ್ಲ. ಆದರೆ ಟೇಬಲ್ ಮೇಲೆ ಹನ್ನೊಂದು ಬಿಸ್ಕತ್ತು ಜೋಡಿಸಿ ದಿನಾ ತಂಡ ಕಟ್ಟುತ್ತಿದ್ದ. "ಈ ಡಿಫೆನ್ಸ್ ಬಿಲ್ಕುಲ್ ಬ್ಯಾಡ," ಎಂದು ಹಿಂದಿನ ನಾಲ್ವರನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದ. ಕೊಡಂಬಲದ ಎಡಗಾಲಿನ ಆಟಗಾರನನ್ನು ತರಲೇಬೇಕೆಂದು ಎಲ್ಲರೂ ಟೇಬಲ್ ಗುದ್ದಿದರು. ಅವನ ಆಟ ನೋಡಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲಕ್ಕಿಂತ ಮುಂದಿದ್ದ ಬಿಸ್ಕತ್ತನ್ನು ಮಾತ್ರ ಅಶೋಕಕುಮಾರ ಮುಟ್ಟುತ್ತಿರಲಿಲ್ಲ. ಅದು ಆಸಿಫ್. ತಂಡದ ಹತ್ತೊಂಬತ್ತು ಗೋಲಿನಲ್ಲಿ ಹದಿನಾಲ್ಕು ಅವನವು.

"ಹೋಗಿ ಹೋಗಿ ಹುಮನಾಬಾದಿಗೇನು!" ಎಂದು ಗೋವರ್ಧನ ಸಿಡುಕಿದ. "ಅಲ್ಲಿ ಗೋಲ್ ಹೊಡದ್ರೂ ಒಬ್ಬ ಚಪ್ಪಾಳಿ ತಟ್ಟಾಂಗಿಲ್ಲ. ಮಣ್ಣಿಗಿ ಬಂದೋರಂಗ ಕುಂತಿರ್ತಾರ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೂರ್ಯಕಾಂತ ನಗಲಿಲ್ಲ. "ಅದು ಅವರಿಗೂ ಗೊತ್ತಾಗ್ಯಾದ," ಎಂದ.

ಆಸಿಫನಿಗೆ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇತ್ತು. ಅವನೂ ಅವನ ತಾಯಿಯೂ ಉಣ್ಣುತ್ತಿದ್ದುದು ಅದರಿಂದ, ಫುಟ್‌ಬಾಲಿನಿಂದಲ್ಲ. "ನಾ ಎಲ್ಲಿಗೂ ಹೋಗಾಂಗಿಲ್ರಿ. ಜೀಪ್ ನಮ್ಮ ಮನಿಗಿ ಬಂದಿಲ್ಲ," ಎಂದು ಕಂಡವರಿಗೆಲ್ಲ ಹೇಳಿದ. ಹೋಗುವವರೆಲ್ಲ ಹಾಗೇ ಅನ್ನುತ್ತಾರೆ ಎಂದು ಅಶೋಕಕುಮಾರ ವಿವರಿಸಿದ. ಮರುದಿನ ಅಂಗಡಿಯ ಶಟರ್ ಮೇಲೆ ಕೆಂಪು ಬಣ್ಣದಲ್ಲಿ 'ಗದ್ದಾರ' ಎಂದು ಬರೆದಿತ್ತು.

ಸೂರ್ಯಕಾಂತ ಅಷ್ಟಕ್ಕೇ ಬಿಡಲಿಲ್ಲ. ಚಹಾದಂಗಡಿಯಲ್ಲಿ ಎಲ್ಲರಿಂದ ಆಣೆ ಮಾಡಿಸಿದ. "ಕಲ್ಯಾಣದ ನೀರು ಕುಡದು ಹುಮನಾಬಾದಿನ ಹಳದಿ ಅಂಗಿ ಹಾಕೋನು ಯಾವನೇ ಇರಲಿ, ಅವನ ಬಾಗಿಲಿಗಿ ಯಾರೂ ಹೆಜ್ಜಿ ಇಡಬಾರದು!" ಕೈ ಮೇಲೆ ಕೈ ಬಿದ್ದವು. ಎಲ್ಲಕ್ಕಿಂತ ಮೇಲಿನದು ಅವನದೇ ಕೈ.

ಎರಡೇ ವಾರದಲ್ಲಿ ಆಸಿಫನ ಅಂಗಡಿಗೆ ಸ್ಕೂಟರು ಬರುವುದು ನಿಂತಿತು. ಬಂದದ್ದು ಒಂದೇ, ಅದೂ ಪರವೂರಿನದು. ಆಗ ಅವನ ತಾಯಿ ದಿಲ್ಶಾದ್ ಬೇಗಂ ಚಹಾದಂಗಡಿಗೇ ಬಂದಳು.

"ಆ ಸೋಮವಾರ ನಾ ಹುಲಸೂರಕ್ಕ ಹೋಗಿದ್ದೆ. ಆಸಿಫ್ ಅಂಗಡ್ಯಾಗ ಇದ್ದ. ಮನಿಗಿ ಕೀಲಿ ಹಾಕಿತ್ತು. ನಿಮ್ಮ ಸೆಕ್ರೆಟರಿಗಿ ಚಹಾ ಮಾಡಿಕೊಟ್ಟೋರು ಯಾರ್ರಿ?"

ಅವಳು ಹೋದ ಮೇಲೆ, ತಾಯಿಯಾದವಳು ಮಗನ ಪರ ಮಾತಾಡದೆ ಏನು ಮಾಡಿಯಾಳು ಎಂದು ಎಲ್ಲರೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಮೂವತ್ತೊಂದರ ಬೆಳಿಗ್ಗೆ ಸೂರ್ಯಕಾಂತ ತನ್ನ ಹಳೆಯ ಮೈಕು ತಂದು ಗೋವರ್ಧನನ ಮುಂದಿಟ್ಟ. ಅದರ ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿತ್ತು.

"ಹೊಸಾದು ಕೊಡಸ್ರಿ ಅಂತ ಆರು ವರ್ಷ ಬಾಯಿ ಬಡಕೊಂಡೆ. ಇರಲಿ. ಇದು ನಿನ್ನ ಹಂತೇಕ ಇರಲಿ."

"ಸಂಜಿಗಿ ಆಸಿಫನ ಅಂಗಿ ಸುಡಾಕ ನೀ ಬರಾಂಗಿಲ್ಲೇನು?"

"ಮುಡಬಿಗಿ ಹೋಗೋದದ. ಅರ್ಜಂಟ್ ಕೆಲಸ. ಅವನ ಅಂಗಿ ನೀವೇ ಸುಡ್ರಿ."

ಐದಕ್ಕೆ ಹತ್ತು ನಿಮಿಷವಿರುವಾಗ ನಲವತ್ತು ಜನ ಆಸಿಫನ ಅಂಗಡಿ ಮುಂದೆ ನಿಂತಿದ್ದರು. ಕೋಲಿನ ತುದಿಗೆ ಒಂಬತ್ತನೇ ನಂಬರಿನ ಅಂಗಿ. ಅಶೋಕಕುಮಾರನ ಕೈಯಲ್ಲಿ ಪೆಟ್ರೋಲ್ ಡಬ್ಬಿ. ಆಸಿಫ್ ಆ ಪರವೂರಿನ ಸ್ಕೂಟರಿನ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದ.

ಐದಾಯಿತು. ಗೋವರ್ಧನ ಮೊಬೈಲು ತೆರೆದ. ಕಲ್ಯಾಣ ತಂಡದ ಪಟ್ಟಿ ಬಂದಿತ್ತು. ಓದುತ್ತ ಓದುತ್ತ ಅವನ ದನಿ ಇಳಿಯಿತು. ಮೊದಲ ಹೆಸರೇ ಆಸಿಫ್. ಇನ್ನೂ ಎರಡು ವರ್ಷ ಇಲ್ಲೇ. ಸಹಿ ಹಾಕಿದ್ದು ಮೇ ಮೂರಕ್ಕೆ, ಜೀಪು ಬರುವುದಕ್ಕೂ ಮೊದಲೇ.

ಕೋಲಿನ ಮೇಲಿದ್ದ ಅಂಗಿ ಮೆಲ್ಲಗೆ ಕೆಳಗಿಳಿಯಿತು. ನಲವತ್ತು ಜನರಿಗೂ ತಮ್ಮ ಚಪ್ಪಲಿ ನೋಡಿಕೊಳ್ಳುವ ಕೆಲಸ ಬಂತು.

"ಪೆಟ್ರೋಲ್ ಅಲ್ಲೇ ಇಟ್ಟು ಹೋಗ್ರಿ," ಎಂದ ಆಸಿಫ್ ಸ್ಕೂಟರಿನ ಕೆಳಗಿಂದಲೇ. "ಈ ಗಾಡಿಗಿ ಹಾಕ್ತೀನಿ."

"ಮತ್ತ ಆ ಜೀಪು?" ಎಂದು ಯಾರೋ ಗೊಣಗಿದರು. ಅಷ್ಟರಲ್ಲಿ ಹುಮನಾಬಾದ್ ಕ್ಲಬ್ಬಿನ ವಿಡಿಯೋ ಬಂತು. ಈ ವರ್ಷ ಹೊರಗಿನಿಂದ ತಂದದ್ದು ಒಬ್ಬರನ್ನೇ, ಇವರೇ ನಮ್ಮ ಗ್ಯಾಲರಿಗೆ ಜೀವ ತುಂಬುವವರು ಎಂದು ಕೆಳಗೆ ಬರೆದಿತ್ತು. ಗೋವರ್ಧನ ಬೆರಳೊತ್ತಿದ. ಚಿತ್ರ ಮೂಡುವ ಮೊದಲು ದನಿ ಬಂತು. ಆ ಗಂಟಲು ನಲವತ್ತು ಜನರಿಗೂ ಗೊತ್ತಿತ್ತು.

ಮೈಮೇಲೆ ಹಳದಿ ಅಂಗಿ, ಕೈಯಲ್ಲಿ ಹೊಚ್ಚಹೊಸ ಮೈಕು. ಸೂರ್ಯಕಾಂತ ಹುಮನಾಬಾದಿಗೆ ಜೈಕಾರ ಹಾಕುತ್ತಿದ್ದ.