ಟಾರ್ಗೆಟ್ ಮುಟ್ಟಿದ ಶೋರೂಮ್

ಕಂಪನಿಯ ದೊಡ್ಡ ಸಾಹೇಬರು ಹೇಳದೆ ಕೇಳದೆ ಶೋರೂಮಿಗೆ ಬಂದಾಗ ಡೀಲರ್ ಮುರುಗೇಶಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟಾರ್ಗೆಟ್ ಮುಟ್ಟದಿದ್ದರೆ ಡೀಲರ್‌ಶಿಪ್ ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ, ಮಾರಾಟವಾಗದ ಕಾರುಗಳನ್ನೆಲ್ಲ ಹೆಂಡತಿ, ಭಾವಮೈದ, ಚಿಕ್ಕಪ್ಪನ ಹೆಸರಿಗೆ ಬಿಲ್ ಮಾಡಿ, ರಸ್ತೆಯಾಚೆಯ ಮುಚ್ಚಿದ ಅಕ್ಕಿ ಗಿರಣಿಯೊಳಗೆ ಸಾಲಾಗಿ ನಿಲ್ಲಿಸಿ ಬೀಗ ಜಡಿದಿದ್ದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

"ಬೇರೆ ಊರಲ್ಲೆಲ್ಲ ಮಾರಾಟ ನೆಲ ಕಚ್ಚಿದೆ. ನಿಮ್ಮಲ್ಲಿ ಮಾತ್ರ ಏರ್ತಾನೇ ಇದೆಯಲ್ಲ, ಹೇಗ್ರಿ?" ಅಂದರು ಸಾಹೇಬರು.

"ಎಲ್ಲ ನಮ್ಮ ಜನರ ಪ್ರೀತಿ ಸಾರ್," ಅಂದ ಮುರುಗೇಶಪ್ಪ, ಕತ್ತಿನ ಬೆವರು ಒರೆಸಿಕೊಳ್ಳುತ್ತ.

"ನಾನಂತೂ ಮೊದಲು ನಂಬಲಿಲ್ಲ."

ಮುರುಗೇಶಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು.

"ಆಮೇಲೆ ಮೀಟಿಂಗಲ್ಲಿ ತೀರ್ಮಾನ ಆಯ್ತು. ಇಷ್ಟು ಬೇಡಿಕೆ ಇರೋ ಊರಿಗೆ ಒಂದು ಶೋರೂಮ್ ಸಾಲದು. ಇನ್ನೊಂದನ್ನೂ ನಿಮಗೇ ಕೊಡ್ತೀವಿ."

ಮುರುಗೇಶಪ್ಪನಿಗೆ ಹೋದ ಜೀವ ಬಂದಂತಾಯಿತು. ಮೊದಲು ಈ ಗಂಡಾಂತರ ಊರು ಬಿಟ್ಟರೆ ಸಾಕು ಅಂದುಕೊಂಡು, "ಆಗಲಿ ಸಾರ್. ಒಳ್ಳೆ ಜಾಗ ಹುಡುಕಿ ಫೋನ್ ಮಾಡ್ತೀನಿ," ಅಂದ.

ಸಾಹೇಬರು ಎದ್ದು ಗಾಜಿನ ಗೋಡೆಯ ಹತ್ತಿರ ನಿಂತು ರಸ್ತೆಯಾಚೆ ನೋಡಿದರು.

"ಹುಡುಕೋದೇನು ಬಂತು? ಆ ಗಿರಣಿ ಖಾಲಿ ಬಿದ್ದಂಗಿದೆ. ಬನ್ನಿ, ಒಳಗೆ ನೋಡ್ಕೊಂಡೇ ಬರೋಣ."